ಎ.ಸಿ. ಬಕೆಟ್ ಒಣಗಿದ್ದರೆ ಗೋಡೆ ಒದ್ದೆಯಾಗಿರುತ್ತದೆ: ಕಟ್ಟಿಕೊಂಡ ಡ್ರೇನ್ ಪೈಪನ್ನು ಮನೆಯಲ್ಲೇ ಬಿಡಿಸುವ ಬಗೆ

ಮಂಗಳೂರಿನ ನಮ್ಮ ಮನೆಯ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಮೇ ತಿಂಗಳ ಸೆಕೆಯಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ನೀರು ಸುರಿಸುತ್ತದೆ. ಹಿತ್ತಿಲಿನಲ್ಲಿ ಪೈಪಿನ ಬಾಯಿಗೆ ಬಕೆಟ್ ಇಟ್ಟು ನಾನೇ ಅಳೆದ ಲೆಕ್ಕ ಇದು. ರಾತ್ರಿ ಹತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ಆರಿಸಿದರೆ ಹದಿನೈದು ಲೀಟರಿನ ಬಕೆಟ್ ಮುಕ್ಕಾಲು ತುಂಬಿರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಬಕೆಟ್ ಒಣಗಿಕೊಂಡಿತ್ತು. ರಾತ್ರಿಯ ಅಷ್ಟೂ ನೀರು ಎಲ್ಲಿಗೆ ಹೋಯಿತು ಎಂಬುದು ಅಮ್ಮನ ಕೋಣೆಯ ಕಪಾಟನ್ನು ಸರಿಸಿದಾಗ ತಿಳಿಯಿತು. ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಕಪಾಟಿನ ಹಿಂಬದಿಯ ಪ್ಲೈವುಡ್ ನೀರು ಕುಡಿದು ಪದರ ಬಿಟ್ಟಿತ್ತು.

ಕರೆಸಿದ ಮೆಕ್ಯಾನಿಕ್ ಯಂತ್ರವನ್ನು ತೆರೆದೂ ನೋಡದೆ, ಗ್ಯಾಸ್ ಕಡಿಮೆಯಾಗಿದೆ, ತುಂಬಬೇಕು ಎಂದರು. ಕೋಣೆ ಚೆನ್ನಾಗಿಯೇ ತಣ್ಣಗಾಗುತ್ತಿತ್ತು. ಹಾಗಾಗಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಮಾತಿದು ಅನ್ನಿಸಿ ಅವರನ್ನು ಕಳುಹಿಸಿಬಿಟ್ಟೆ. ಎದುರು ಮನೆಯವರು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಅವರು ಕಾರು ತೊಳೆಯಲು ಇಟ್ಟುಕೊಂಡಿದ್ದ ವ್ಯಾಕ್ಯೂಮ್ ಕ್ಲೀನರನ್ನು ತಂದು, ಹೊರಗಿನ ಪೈಪಿನ ಬಾಯಿಗೆ ಹಳೆಯ ಬೈರಾಸಿನಿಂದ (ಟವೆಲ್ಲಿನಿಂದ) ಸುತ್ತಿ ಎರಡು ನಿಮಿಷ ಓಡಿಸಿದರು. ಡಬ್ಬಿಯೊಳಗೆ ಬಿದ್ದದ್ದು ಗೇಣುದ್ದದ, ನೆನೆದ ಸಬ್ಬಕ್ಕಿಯಂಥ ಬೂದು ಲೋಳೆ. ಬಕೆಟಿಗೆ ಮತ್ತೆ ನೀರು ಬಂತು. ಅವರು ಹೇಳಿದ್ದು ಒಂದೇ ಮಾತು: ಒಳಕ್ಕೆ ತಳ್ಳಬಾರದು, ಹೊರಕ್ಕೆ ಎಳೆಯಬೇಕು. ಆಮೇಲೆ ನಮ್ಮ ಮನೆಯಲ್ಲೂ ನೆಂಟರ ಮನೆಗಳಲ್ಲೂ ಈ ಕೆಲಸವನ್ನು ಹಲವು ಸಲ ಮಾಡಿದ್ದೇನೆ. ಕೆಳಗಿನದೆಲ್ಲ ಆ ಅನುಭವದ ಮೇಲೆ ನಿಂತದ್ದು. ಗೋಡೆಗೆ ಕೂರಿಸುವ ಸ್ಪ್ಲಿಟ್ ಎ.ಸಿ.ಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಛಾವಣಿಯಲ್ಲಿ ಕೂರುವ ಕ್ಯಾಸೆಟ್ ಮಾದರಿಯಲ್ಲಿ ನೀರೆತ್ತುವ ಪುಟ್ಟ ಪಂಪು ಇರುತ್ತದೆ, ಅದು ಮನೆಯವರು ಕೈಹಾಕುವ ಕೆಲಸವಲ್ಲ.

ನೀರು ಹುಟ್ಟುವ ಜಾಗ, ಹರಿಯುವ ದಾರಿ

ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬನ್ನು ಮೇಜಿನ ಮೇಲಿಟ್ಟರೆ ಅದರ ಹೊರಮೈ ಬೆವರುತ್ತದೆ. ಎ.ಸಿ.ಯ ಒಳಘಟಕದಲ್ಲಿ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಇಂಡೋರ್‌ನಲ್ಲಿ, ಆಗುವುದೂ ಅದೇ. ಅಲ್ಲಿನ ಕಾಯಿಲ್, ಅಂದರೆ ತಣ್ಣನೆಯ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ, ಸುಮಾರು 8ರಿಂದ 12 ಡಿಗ್ರಿಯಷ್ಟು ತಣ್ಣಗಿರುತ್ತದೆ. ಕರಾವಳಿಯ ಗಾಳಿ 33 ಡಿಗ್ರಿಯಲ್ಲಿದ್ದು, ತೇವಾಂಶ ಶೇಕಡಾ 70 ಇದ್ದರೆ, ಅದು 27 ಡಿಗ್ರಿಯ ಆಸುಪಾಸಿಗೆ ಇಳಿಯುತ್ತಿದ್ದಂತೆಯೇ ಇಬ್ಬನಿ ಕಟ್ಟಲು ತೊಡಗುತ್ತದೆ. ಹಾಗಾಗಿ ಕಾಯಿಲಿನ ಮೇಲೆ ನೀರು ಧಾರಾಳವಾಗಿ ಇಳಿಯುತ್ತದೆ. ಲೆಕ್ಕ ಇಷ್ಟಪಡುವವರಿಗೆ: ಒಂದೂವರೆ ಟನ್ ಎಂದರೆ 5.3 ಕಿಲೋವ್ಯಾಟ್ ತಂಪು. ಅದರ ಕಾಲು ಭಾಗ ಆವಿಯನ್ನು ನೀರು ಮಾಡಲು ಖರ್ಚಾದರೂ ಗಂಟೆಗೆ ಎರಡು ಲೀಟರಿನ ಹತ್ತಿರ ನೀರು ಬರುತ್ತದೆ.

ಆ ನೀರು ಕಾಯಿಲಿನ ಕೆಳಗಿರುವ ಉದ್ದನೆಯ ಪ್ಲಾಸ್ಟಿಕ್ ಟ್ರೇಗೆ ಬೀಳುತ್ತದೆ. ಬಹಳ ಮಾದರಿಗಳಲ್ಲಿ ಕಾಯಿಲಿನ ಹಿಂದೆಯೂ ಒಂದು ಸಣ್ಣ ಕಾಲುವೆ ಇದ್ದು, ಅದು ಮುಂದಿನ ಟ್ರೇಗೆ ಕೂಡುತ್ತದೆ. ಟ್ರೇಯ ಒಂದು ಮೂಲೆಯ ತೂತಿನಿಂದ ಸುಕ್ಕುಸುಕ್ಕಾದ ಮೆತ್ತನೆಯ ಪೈಪು ಹೊರಟು, ತಾಮ್ರದ ಕೊಳವೆಗಳ ಜೊತೆಗೆ ಗೋಡೆಯ ತೂತಿನಲ್ಲಿ ನುಸುಳಿ ಹೊರಗೆ ಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಈ ದಾರಿಯಲ್ಲಿ ಎಲ್ಲಿಯೂ ಪಂಪು ಇಲ್ಲ. ನೀರು ತನ್ನ ಭಾರದಿಂದಲೇ ಇಳಿಯಬೇಕು. ಟ್ರೇಯಲ್ಲಿ ನಿಲ್ಲುವ ನೀರಿನ ಎತ್ತರ ಎರಡು ಬೆರಳು ದಪ್ಪ ಇದ್ದರೆ ಹೆಚ್ಚು. ಅಷ್ಟು ಸಣ್ಣ ಒತ್ತಡಕ್ಕೆ ಒಂದು ಲೋಳೆಯ ಉಂಡೆಯನ್ನು ತಳ್ಳುವ ತಾಕತ್ತು ಇರುವುದಿಲ್ಲ. ಸುಕ್ಕಿನ ಪೈಪಿನ ಪ್ರತಿಯೊಂದು ಮಡಿಕೆಯೂ ಕೆಸರು ಕೂರಲು ಹೇಳಿ ಮಾಡಿಸಿದ ಗೂಡು. ಬಾಗಿಸಲು ಸುಲಭ ಎಂದು ಅದನ್ನು ಬಳಸುತ್ತಾರೆ, ಅದರ ಬಾಧೆಯನ್ನು ಮನೆಯವರು ಅನುಭವಿಸುತ್ತಾರೆ.

ಕಟ್ಟುವುದು ಏನು? ಮುಖ್ಯವಾಗಿ ಲೋಳೆ. ಫಿಲ್ಟರು ದಾಟಿದ ನುಣುಪು ದೂಳು, ಊದುಬತ್ತಿಯ ಹೊಗೆ, ಟಾಲ್ಕಂ ಪೌಡರು, ಅಡುಗೆಮನೆ ಪಕ್ಕದಲ್ಲಿದ್ದರೆ ಒಗ್ಗರಣೆಯ ಎಣ್ಣೆಯ ಆವಿ, ಇವೆಲ್ಲ ಕಾಯಿಲಿಗೆ ಅಂಟಿ ನೀರಿನೊಂದಿಗೆ ಟ್ರೇಗೆ ಇಳಿಯುತ್ತವೆ. ಕತ್ತಲೆ, ತೇವ, ಆಹಾರ ಮೂರೂ ಸಿಕ್ಕ ಮೇಲೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಇನ್ನೇನು ಬೇಕು? ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಸವೆದ ಅಲ್ಯೂಮಿನಿಯಂ ಫಿನ್ನುಗಳ (ಕಾಯಿಲಿನ ತೆಳು ತಗಡುಗಳ) ಬಿಳಿ ಪುಡಿಯೂ ಸೇರುತ್ತದೆ. ಇದು ಒಳಗಿನ ಶತ್ರು. ಹೊರಗಿನ ತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ, ಇರುವೆ ಮೊಟ್ಟೆ ಸಾಗಿಸುತ್ತದೆ, ಹಲ್ಲಿ ತಂಪಿಗೆ ನುಗ್ಗಿ ಹಿಂದಿರುಗಲಾರದೆ ಸಾಯುತ್ತದೆ. ಚಳಿಗಾಲವಿಡೀ ಎ.ಸಿ. ಹಾಕದ ಮನೆಗಳಲ್ಲಿ ಮಾರ್ಚಿನ ಮೊದಲ ವಾರದಲ್ಲೇ ನೀರು ಸೋರಿದರೆ ನನ್ನ ಮೊದಲ ಅನುಮಾನ ಕುಂಬಾರ ಹುಳುವಿನ ಮೇಲೆ.

ಕೈಹಾಕುವ ಮೊದಲು: ನಿಜವಾಗಿ ಕಟ್ಟಿಕೊಂಡಿದೆಯೇ?

ಇಂಡೋರಿನಿಂದ ನೀರು ತೊಟ್ಟಿಕ್ಕಿದ ಮಾತ್ರಕ್ಕೆ ಪೈಪು ಕಟ್ಟಿದೆ ಎಂದಲ್ಲ. ಅರ್ಧ ಗಂಟೆ ಕೂಲ್ ಮೋಡಿನಲ್ಲಿ ಓಡಿಸಿ, ಹೊರಗೆ ಹೋಗಿ ಪೈಪಿನ ತುದಿಯನ್ನು ನೋಡಿ.

ಒಳಗೆ ಸೋರುತ್ತಿದೆ, ಹೊರಗೆ ಒಂದು ಹನಿಯೂ ಇಲ್ಲ, ಕೋಣೆ ಮಾತ್ರ ಎಂದಿನಂತೆ ತಣ್ಣಗಾಗುತ್ತಿದೆ: ಪೈಪು ಕಟ್ಟಿರುವುದು ಬಹುಮಟ್ಟಿಗೆ ಖಚಿತ. ಹೊರಗೆ ಹನಿಹನಿಯಾಗಿ ಬರುತ್ತಿದೆ, ಒಳಗೂ ಸೋರುತ್ತಿದೆ ಎಂದಾದರೆ ಅರ್ಧ ಕಟ್ಟಿರಬಹುದು, ಇಂಡೋರ್ ಒಂದು ಕಡೆಗೆ ವಾಲಿರಬಹುದು, ಟ್ರೇ ಬಿರುಕು ಬಿಟ್ಟಿರಬಹುದು. ಹೊರಗೆ ಚೆನ್ನಾಗಿ ನೀರು ಬರುತ್ತಿದ್ದೂ ಘಟಕದ ಹಿಂದಿನ ಗೋಡೆ ಮಾತ್ರ ಒದ್ದೆಯಾಗುತ್ತಿದ್ದರೆ, ತಾಮ್ರದ ಕೊಳವೆಗಳಿಗೆ ಸುತ್ತಿದ ಕಪ್ಪು ಫೋಮ್ ಹರಿದು ಅವೇ ಬೆವರುತ್ತಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ಬಗೆ ಮಂಜುಗಡ್ಡೆಯದು. ಮುಂದಿನ ಮುಚ್ಚಳ ಎತ್ತಿದಾಗ ಕಾಯಿಲಿನ ಮೇಲೆ ಬಿಳಿ ಹಿಮ ಕಂಡರೆ ಪೈಪಿನ ತಂಟೆಗೆ ಹೋಗಬೇಡಿ. ಫಿಲ್ಟರು ಕೊಳೆಯಾಗಿ ಗಾಳಿ ಸಾಲದಿದ್ದರೆ, ಬ್ಲೋವರಿನ ರೆಕ್ಕೆಗಳಲ್ಲಿ ದೂಳು ತುಂಬಿದ್ದರೆ, ಅಥವಾ ನಿಜವಾಗಿಯೇ ಗ್ಯಾಸ್ ಕಡಿಮೆಯಿದ್ದರೆ ಕಾಯಿಲ್ ಹೆಪ್ಪುಗಟ್ಟುತ್ತದೆ, ಎ.ಸಿ. ಆರಿಸಿದಾಗ ಅದು ಕರಗಿ ಒಮ್ಮೆಲೇ ಟ್ರೇ ಮೀರಿ ಹರಿಯುತ್ತದೆ. ಗ್ಯಾಸಿಗೂ ಸೋರಿಕೆಗೂ ಇರುವ ನಂಟು ಇಷ್ಟೇ. ಹಿಮವಿಲ್ಲ, ತಂಪು ಚೆನ್ನಾಗಿದೆ ಎಂದರೆ ಗ್ಯಾಸಿನ ಮಾತನ್ನು ನಂಬಬೇಕಾಗಿಲ್ಲ. ಹಿಮವಿದ್ದರೆ ಫ್ಯಾನ್ ಮೋಡಿನಲ್ಲಿ ಒಂದೆರಡು ಗಂಟೆ ಓಡಿಸಿ ಕರಗಿಸಿ, ಫಿಲ್ಟರು ತೊಳೆದು ಮತ್ತೆ ಹಾಕಿ ನೋಡಿ. ಪುನಃ ಹಿಮ ಕಟ್ಟಿದರೆ ಮೆಕ್ಯಾನಿಕ್ಕನ್ನು ಕರೆಯಬೇಕಾದದ್ದೇ.

ಎ.ಸಿ. ಆರಿಸಿಟ್ಟಿದ್ದಾಗಲೂ ನೀರು ಬರುತ್ತಿದ್ದರೆ? ಜೂನ್ ತಿಂಗಳ ಕರಾವಳಿಯಲ್ಲಿ ಇದು ಬಹಳ ಸಾಮಾನ್ಯ. ಗೋಡೆಯ ತೂತು ಒಳಮುಖವಾಗಿ ಇಳಿದಿದ್ದರೆ ಗಾಳಿಮಳೆಯ ನೀರು ಕೊಳವೆಗಳ ಗುಂಟ ಒಳಗೇ ಬರುತ್ತದೆ. ಹೊರಗಿನಿಂದ ಎ.ಸಿ. ಪುಟ್ಟಿ ಮೆತ್ತಿದರೆ ನಿಲ್ಲುತ್ತದೆ. ಫ್ಲ್ಯಾಟಿನಲ್ಲಾದರೆ ಮಳೆಯಲ್ಲದ ದಿನವೂ ಹೀಗಾಗಬಹುದು. ಹತ್ತು ಮಹಡಿಯ ಎ.ಸಿ. ನೀರನ್ನೆಲ್ಲ ಒಂದೇ ನಿಲುವು ಪೈಪಿಗೆ ಬಿಟ್ಟಿರುತ್ತಾರೆ. ಅದು ಕೆಳಗೆಲ್ಲೋ ಕಟ್ಟಿದಾಗ ಮೇಲಿನ ಮನೆಯವರ ನೀರು ಕೆಳಗಿನ ಮನೆಯವರ ಟ್ರೇಯಲ್ಲಿ ಉಕ್ಕುತ್ತದೆ. ಅಂಥ ಹೊತ್ತಿನಲ್ಲಿ ನಿಮ್ಮ ಎ.ಸಿ.ಯನ್ನು ಎಷ್ಟು ಬಿಚ್ಚಿದರೂ ಫಲವಿಲ್ಲ, ಸಂಘದವರ ಬಾಗಿಲು ತಟ್ಟಬೇಕು.

ಬೇಕಾಗುವ ಸಾಮಾನು

ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಒಂದಿದ್ದರೆ ಮುಕ್ಕಾಲು ಕೆಲಸ ಆದಂತೆ. ಮನೆಯಲ್ಲಿ ಇಲ್ಲದಿದ್ದರೆ ಕಾರು ತೊಳೆಯುವವರ ಹತ್ತಿರ, ಪರಿಚಯದ ಮರಗೆಲಸದವರ ಹತ್ತಿರ ಕೇಳಿ. ಕಸ ಗುಡಿಸುವ ಒಣ ವ್ಯಾಕ್ಯೂಮ್ ಬೇಡ. ನೀರು ಮೋಟಾರಿಗೆ ಹೋದರೆ ಯಂತ್ರವೂ ಹಾಳು, ಶಾಕ್ ಹೊಡೆಯುವ ಅಪಾಯವೂ ಇದೆ. ಉಳಿದಂತೆ ಹಳೆಯ ಬೈರಾಸು, ಎರಡು ಬಕೆಟ್, ಟಾರ್ಚು, ಸ್ಟಾರ್ ಸ್ಕ್ರೂಡ್ರೈವರು, ಬಾಯಿ ಚೂಪಾದ ಪ್ಲಾಸ್ಟಿಕ್ ಬಾಟಲಿ, ಬಿಳಿ ವಿನೆಗರು, ಎರಡು ಮೂರು ಮಿಲಿಮೀಟರ್ ದಪ್ಪದ ನೈಲಾನ್ ತಂತಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಇದಕ್ಕೆ ತಕ್ಕದ್ದು, ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ. ಇಂಡೋರಿನ ಕೆಳಗೆ ಹಾಸಲು ಪ್ಲಾಸ್ಟಿಕ್ ಹಾಳೆಯೂ ಇರಲಿ. ಮಂಚ ಕೆಳಗಿದ್ದರೆ ಹಾಸಿಗೆಯನ್ನು ಎತ್ತಿಬಿಡಿ. ಇಳಿಯುವ ನೀರು ಕಪ್ಪಾಗಿರುತ್ತದೆ, ಬಿಳಿ ಬೆಡ್‌ಶೀಟಿನ ಮೇಲಿನ ಆ ಕಲೆ ಸುಲಭವಾಗಿ ಹೋಗುವುದಿಲ್ಲ.

ಹಂತ 1: ವಿದ್ಯುತ್ತನ್ನು ಎಂ.ಸಿ.ಬಿ.ಯಲ್ಲೇ ಆರಿಸಿ

ರಿಮೋಟಿನಲ್ಲಿ ಆರಿಸಿದರೆ ಸಾಲದು. ಎ.ಸಿ.ಯ ಎಂ.ಸಿ.ಬಿ.ಯನ್ನು, ಅಂದರೆ ಅದರ ವಿದ್ಯುತ್ ಸಾಲಿನ ಮುಖ್ಯ ಸ್ವಿಚ್ಚನ್ನು, ಇಳಿಸಿ, ಸ್ಟೆಬಿಲೈಸರ್ ಇದ್ದರೆ ಅದನ್ನೂ ಆರಿಸಿ, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಇಂಡೋರಿನಲ್ಲಿ ವಿದ್ಯುತ್ ಹಲಗೆ ಸಾಮಾನ್ಯವಾಗಿ ಬಲತುದಿಯಲ್ಲಿರುತ್ತದೆ. ಮುಂದಿನ ಯಾವ ಹಂತದಲ್ಲೂ ಆ ಭಾಗಕ್ಕೆ ನೀರು ಸಿಡಿಯಬಾರದು. ಐದು ನಿಮಿಷ ಬಿಟ್ಟು ಮುಂದುವರಿಯಿರಿ.

ಹಂತ 2: ಹೊರಗಿನ ತುದಿಯನ್ನು ಹುಡುಕಿ

ಹೊರಗೆ ಬರುವ ಕಟ್ಟಿನಲ್ಲಿ ಎರಡು ತಾಮ್ರದ ಕೊಳವೆ, ಒಂದು ವಿದ್ಯುತ್ ಕೇಬಲು, ಒಂದು ಡ್ರೇನ್ ಪೈಪು ಇರುತ್ತವೆ. ನೀರಿನದು ಪ್ಲಾಸ್ಟಿಕ್ ಪೈಪು, ಅದರ ತುದಿ ತೆರೆದಿರುತ್ತದೆ. ಫೋಮ್ ಸುತ್ತಿದ ಕೊಳವೆಗಳನ್ನು ಬಗ್ಗಿಸುವುದಾಗಲಿ ಅವುಗಳ ನಟ್ಟನ್ನು ಸಡಿಲಿಸುವುದಾಗಲಿ ಕೂಡದು. ಈಗಿನ ಬಹುಪಾಲು ಎ.ಸಿ.ಗಳಲ್ಲಿರುವ ಆರ್-32 ಅನಿಲ ಅಲ್ಪ ಪ್ರಮಾಣದಲ್ಲಿ ಬೆಂಕಿ ಹೊತ್ತಿಕೊಳ್ಳುವಂಥದ್ದು.

ತುದಿಯನ್ನು ಟಾರ್ಚು ಹಾಕಿ ನೋಡಿ. ಮಣ್ಣಿನ ಗೂಡಿದ್ದರೆ ತಂತಿಯಿಂದ ಕೆರೆದು ಹೊರಗೆ ತೆಗೆಯಿರಿ, ಒಳಗೆ ತಳ್ಳಬೇಡಿ. ತುದಿ ಬಕೆಟಿನ ನೀರಿನೊಳಗೆ ಮುಳುಗಿದ್ದರೆ, ಹೂಕುಂಡದ ಮಣ್ಣಿಗೆ ಒತ್ತಿಕೊಂಡಿದ್ದರೆ, ಪಾಚಿಗಟ್ಟಿದ ಚರಂಡಿಯೊಳಗೆ ಇಳಿದಿದ್ದರೆ ಮೊದಲು ಅದನ್ನು ಮೇಲಕ್ಕೆತ್ತಿ. ಮುಳುಗಿದ ತುದಿ ಗಾಳಿಯನ್ನು ಹೊರಗೆ ಬಿಡದೆ, ಪೈಪಿನ ನಡುವೆ ಗಾಳಿಯ ಬಿರಡೆ ನಿಲ್ಲುತ್ತದೆ. ಕಸವೇ ಇಲ್ಲದೆ ಪೈಪು ಕಟ್ಟಿದಂತಾಗುತ್ತದೆ. ಎರಡು ಮನೆಗಳಲ್ಲಿ ನನ್ನ ದೊಡ್ಡ ರಿಪೇರಿ ಎಂದರೆ ಪೈಪನ್ನು ಬಕೆಟಿನ ನೀರಿನಿಂದ ಮೇಲೆತ್ತಿದ್ದು ಮಾತ್ರ. ಅವರು ಕೊಟ್ಟ ಕಾಫಿಗೆ ನಾಚಿಕೆಯಾಯಿತು.

ಒಂದು ಎಚ್ಚರಿಕೆ. ಎರಡನೆಯ ಮಹಡಿಯ ಕಿಟಕಿಯಿಂದ ಬಗ್ಗಿ ಹಿಡಿಯಬೇಕಾದ ಪೈಪಾದರೆ ಅದನ್ನು ಮುಟ್ಟಬೇಡಿ. ಹಗ್ಗ, ಬೆಲ್ಟು ಇರುವ ಕೆಲಸಗಾರರನ್ನೇ ಕರೆಸಿ.

ಹಂತ 3: ಎಳೆಯಿರಿ

ವ್ಯಾಕ್ಯೂಮಿನ ಕಾಗದದ ಫಿಲ್ಟರನ್ನೂ ದೂಳಿನ ಚೀಲವನ್ನೂ ತೆಗೆದು, ತಯಾರಕರು ಹೇಳಿದಂತೆ ನೀರಿಗೆ ಸಿದ್ಧಮಾಡಿ. ಅದರ ಕೊಳವೆಯ ಬಾಯಿ ದೊಡ್ಡದು, ಡ್ರೇನ್ ಪೈಪಿನದು ಸಣ್ಣದು. ಎರಡನ್ನೂ ಸೇರಿಸಿ ಒದ್ದೆ ಬೈರಾಸನ್ನು ಬಿಗಿಯಾಗಿ ಸುತ್ತಿ, ಅಂಗೈಯಿಂದ ಅಮುಕಿ ಹಿಡಿಯಿರಿ. ಒಣ ಬಟ್ಟೆಗಿಂತ ಒದ್ದೆ ಬಟ್ಟೆ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಒಂದರಿಂದ ಎರಡು ನಿಮಿಷ ಓಡಿಸಿ.

ಕಿವಿಗೊಟ್ಟು ಕೇಳಿ. ಮೊದಲು ಮೋಟಾರು ಉಬ್ಬಸ ಬಂದವರಂತೆ ಎಳೆಯುತ್ತದೆ. ಕಟ್ಟಿದ್ದು ಬಿಟ್ಟ ಗಳಿಗೆಯಲ್ಲಿ ಗಳಗಳನೆ ನೀರು ನುಗ್ಗಿ ಸದ್ದು ಹಗುರಾಗುತ್ತದೆ. ಟ್ರೇಯಲ್ಲಿ ನಿಂತಿದ್ದ ಕಪ್ಪು ನೀರು ಬರುತ್ತದೆ. ಆರಿಸಿ ಡಬ್ಬಿಯನ್ನು ನೋಡಿ, ಮತ್ತೆ ಎರಡು ಮೂರು ಸಲ ಹೀಗೇ ಮಾಡಿ. ಮೊದಲ ಸಲಕ್ಕೇ ನೀರು ಬಂತೆಂದು ನಿಲ್ಲಿಸಿದರೆ ಮಡಿಕೆಗಳಲ್ಲಿ ಉಳಿದ ಲೋಳೆ ಹದಿನೈದು ದಿನದಲ್ಲಿ ಮತ್ತೆ ಬೆಳೆಯುತ್ತದೆ.

ಪೈಪಿನ ನಡುವೆ ಟಿ ಆಕಾರದ ಜೋಡಣೆ ಇದ್ದರೆ, ಅಥವಾ ಜೋಡಿಸಿದ ಪಿ.ವಿ.ಸಿ. ಸಡಿಲವಿದ್ದರೆ, ವ್ಯಾಕ್ಯೂಮ್ ಅಲ್ಲಿಂದಲೇ ಗಾಳಿ ಎಳೆದು ಸುಮ್ಮನಾಗುತ್ತದೆ. ಟಿ ಬಾಯಿಯನ್ನು ಇನ್ನೊಬ್ಬರು ಅಂಗೈಯಿಂದ ಮುಚ್ಚಿ ಹಿಡಿಯಬೇಕು.

ವ್ಯಾಕ್ಯೂಮ್ ಸಿಗಲೇ ಇಲ್ಲವೇ? ಡೀಸೆಲ್ ತೆಗೆಯಲು ಬಳಸುವ, ಕೈಯಲ್ಲಿ ಅಮುಕುವ ರಬ್ಬರ್ ಪಂಪನ್ನು ತುದಿಗೆ ಸಿಕ್ಕಿಸಿ ಎಳೆಯಬಹುದು. ಹೊಸದನ್ನೇ ಬಳಸಿ. ಬಾಯಿಯಿಂದ ಎಳೆಯುವವರನ್ನು ನೋಡಿದ್ದೇನೆ, ಅದರ ವರ್ಣನೆ ಬೇಡ.

ಹಂತ 4: ಬಿಡದಿದ್ದರೆ ತಂತಿ

ನೈಲಾನ್ ತಂತಿಯ ತುದಿಯನ್ನು ಬೆಂಕಿಗೆ ಹಿಡಿದು ಗುಂಡಾಗಿಸಿಕೊಂಡು, ಹೊರಗಿನ ತುದಿಯಿಂದ ತಿರುಚುತ್ತಾ ಮೆಲ್ಲಗೆ ಸಾಗಿಸಿ. ತಡೆ ಸಿಕ್ಕಲ್ಲಿ ಹಿಂದೆ ಮುಂದೆ ಆಡಿಸಿ ಸಡಿಲಿಸಿ, ತಂತಿ ಹೊರತೆಗೆದು ಮತ್ತೆ ವ್ಯಾಕ್ಯೂಮ್ ಹಿಡಿಯಿರಿ. ತಂತಿ ಬಿಡಿಸಬೇಕು, ವ್ಯಾಕ್ಯೂಮ್ ಹೊರತರಬೇಕು. ಕಬ್ಬಿಣದ ಸರಳು, ಕೊಡೆಯ ಕಡ್ಡಿ, ಪರದೆಯ ಸ್ಪ್ರಿಂಗಿನ ಮೊನಚು ತುದಿ, ಇವು ಸುಕ್ಕಿನ ಪೈಪನ್ನು ಚುಚ್ಚಿಬಿಡುತ್ತವೆ. ಗೋಡೆಯೊಳಗೆ ತೂತಾದ ಪೈಪು ಕಟ್ಟಿದ ಪೈಪಿಗಿಂತ ಕೆಟ್ಟದ್ದು. ಅದು ಹೊರಗೂ ನೀರು ತೋರಿಸುತ್ತಾ ಗೋಡೆಯನ್ನೂ ಗುಟ್ಟಾಗಿ ನೆನೆಸುತ್ತದೆ.

ಸೈಕಲ್ ಪಂಪಿನಿಂದಲೋ ಟೈರಿನ ಅಂಗಡಿಯ ಕಂಪ್ರೆಸರಿನಿಂದಲೋ ಊದುವ ರೂಢಿ ನಮ್ಮಲ್ಲಿ ಬಹಳ. ಊದಿದರೆ ನೀರು ಬರುವುದು ನಿಜ. ಆದರೆ ಊದಿದ ಕಸವೆಲ್ಲ ಟ್ರೇಗೆ ಹಿಂದಿರುಗಿ, ನಾಳೆ ಪುನಃ ಅದೇ ತೂತಿಗೆ ಬಂದು ಕೂರುತ್ತದೆ. ಒತ್ತಡ ಹೆಚ್ಚಾದರೆ ಟ್ರೇಗೆ ಸಿಕ್ಕಿಸಿದ ಪೈಪು ಒಳಗೇ ಕಳಚಿಕೊಳ್ಳುತ್ತದೆ, ಕಪ್ಪು ನೀರು ವಿದ್ಯುತ್ ಹಲಗೆಗೂ ಸಿಡಿಯಬಹುದು. ತಳ್ಳಬಾರದು ಎಂದು ಎದುರು ಮನೆಯವರು ಹೇಳಿದ್ದು ಇದಕ್ಕೇ.

ಹಂತ 5: ಒಳಗಿನಿಂದ ತೊಳೆಯಿರಿ

ದಾರಿ ಬಿಟ್ಟ ಮೇಲಷ್ಟೇ ಒಳಗಿನಿಂದ ನೀರು ಹಾಕಬೇಕು; ಮೊದಲೇ ಹಾಕಿದರೆ ಟ್ರೇ ಉಕ್ಕುತ್ತದೆ. ಇಂಡೋರಿನ ಮುಂದಿನ ಮುಚ್ಚಳ ಎತ್ತಿ, ಎರಡೂ ಫಿಲ್ಟರುಗಳನ್ನು ತೆಗೆಯಿರಿ. ಕಾಣುವ ಫಿನ್ನುಗಳ ಮೇಲೆ, ವಿದ್ಯುತ್ ಹಲಗೆಯಿಂದ ದೂರದ ಭಾಗದಲ್ಲಿ, ಚೂಪು ಬಾಯಿಯ ಬಾಟಲಿಯಿಂದ ಸಣ್ಣ ಧಾರೆಯಾಗಿ ನೀರು ಬಿಡಿ. ಒಂದು ಸಲಕ್ಕೆ ಒಂದು ಲೋಟ ಸಾಕು. ನೀರು ಫಿನ್ನಿನ ಗುಂಟ ಇಳಿದು ಟ್ರೇ ಸೇರುತ್ತದೆ. ಹೊರಗೆ ಇನ್ನೊಬ್ಬರು ಬಕೆಟ್ ಹಿಡಿದು ನಿಂತಿರಲಿ. ಅರ್ಧ ಲೀಟರ್ ಹಾಕಿದರೆ ಒಂದೆರಡು ನಿಮಿಷದಲ್ಲಿ ಬಹುಪಾಲು ಹೊರಗೆ ಬರಬೇಕು. ತಡವರಿಸಿ ಬಂದರೆ ಮೂರನೆಯ ಹಂತಕ್ಕೆ ಮರಳಿ.

ಲೋಳೆ ಮತ್ತೆ ಬೇಗ ಬೆಳೆಯದಿರಲಿ ಎಂದು ವಿನೆಗರು. ಒಂದು ಲೋಟ ಬಿಳಿ ವಿನೆಗರಿಗೆ ಒಂದು ಲೋಟ ನೀರು ಬೆರೆಸಿ, ಫಿನ್ನುಗಳ ಮೇಲೆ ಸುರಿಯದೆ, ಸಾಧ್ಯವಾದಷ್ಟು ಟ್ರೇಯ ಅಂಚಿಗೇ ಬಿಡಿ. ಹೊರಗಿನ ತುದಿಯನ್ನು ಬಟ್ಟೆಯಿಂದ ತಡೆದು ಅರ್ಧ ಗಂಟೆ ನಿಲ್ಲಿಸಬಹುದು. ಅದಕ್ಕೆ ಟ್ರೇ ಪೂರ್ತಿ ಖಾಲಿಯಿರಬೇಕು, ಕಣ್ಣೂ ಅಲ್ಲೇ ಇರಬೇಕು. ಬಳಿಕ ಒಂದು ಲೀಟರ್ ಒಳ್ಳೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಯಿಸಿ ತೊಳೆಯಿರಿ. ನೀರು ಉಗುರುಬೆಚ್ಚಗಿದ್ದರೆ ಎಣ್ಣೆ ಜಿಡ್ಡು ಬಿಡುತ್ತದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಟ್ರೇಯೂ ಪೈಪೂ ಸೊಟ್ಟಗಾಗುತ್ತವೆ.

ಶೌಚಾಲಯದ ಆಸಿಡ್, ಸಿಂಕಿಗೆ ಹಾಕುವ ಡ್ರೇನ್ ಪುಡಿ, ಇವೆರಡನ್ನೂ ಹತ್ತಿರಕ್ಕೆ ತರಬೇಡಿ. ಆಸಿಡ್ ಅಲ್ಯೂಮಿನಿಯಂ ಫಿನ್ನನ್ನು ತಿನ್ನುತ್ತದೆ. ಡ್ರೇನ್ ಪುಡಿಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಅಲ್ಯೂಮಿನಿಯಂ ಜೊತೆ ಸೇರಿದರೆ ಬಿಸಿಯೇರಿ ಹೈಡ್ರೋಜನ್ ಅನಿಲ ಹೊರಬರುತ್ತದೆ. ಬಟ್ಟೆಯ ಬ್ಲೀಚನ್ನೂ ವಿನೆಗರನ್ನೂ ಒಟ್ಟಿಗೆ ಬಳಸುವಂತಿಲ್ಲ: ಹೊರಡುವುದು ವಿಷಕಾರಿ ಕ್ಲೋರಿನ್, ಅದೂ ಮಲಗುವ ಕೋಣೆಯಲ್ಲಿ.

ಹಂತ 6: ಒಣಗಿಸಿ, ಓಡಿಸಿ, ನೋಡಿ

ಘಟಕದ ಹೊರಮೈ ಒರೆಸಿ, ಫಿಲ್ಟರು ನೆರಳಿನಲ್ಲಿ ಒಣಗಿದ ಮೇಲೆ ಸಿಕ್ಕಿಸಿ, ಒಂದು ಗಂಟೆ ಬಿಟ್ಟು ಎಂ.ಸಿ.ಬಿ. ಎತ್ತಿ. ಕೂಲ್ ಮೋಡಿನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಓಡಿಸಿ, ಹೊರಗೆ ಹನಿಗಳು ಒಂದೇ ಸಮನೆ ಬೀಳುತ್ತಿವೆಯೇ, ಒಳಗೆ ಘಟಕದ ಎರಡೂ ತುದಿ ಒಣಗಿವೆಯೇ ಎಂದು ಕೈಯಾಡಿಸಿ ನೋಡಿ. ಮೊದಲ ರಾತ್ರಿ ಕೆಳಗೊಂದು ಪಾತ್ರೆ ಇಟ್ಟೇ ಮಲಗಿ.

ಮತ್ತೆ ಮತ್ತೆ ಕಟ್ಟುವ ಪೈಪು

ಒಂದೇ ಬೇಸಿಗೆಯಲ್ಲಿ ಎರಡು ಮೂರು ಸಲ ಕಟ್ಟಿದರೆ ತಪ್ಪು ಲೋಳೆಯದಲ್ಲ, ಕೂರಿಸಿದವರದು. ಪೈಪು ಉದ್ದಕ್ಕೂ ಇಳಿಜಾರಾಗಿರಬೇಕು. ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿತ. ಎಲ್ಲಿಯಾದರೂ ಪೈಪು ಜೋಲುಬಿದ್ದು ಮತ್ತೆ ಮೇಲೇರಿದರೆ ಆ ಜೋಲಿನಲ್ಲಿ ನೀರು ಸದಾ ನಿಂತು ಲೋಳೆಯ ತೊಟ್ಟಿಲಾಗುತ್ತದೆ. ಹೊರಗೆ ಕಾಣುವ ಭಾಗವನ್ನು ಕ್ಲಾಂಪು ಹೊಡೆದು ನೀವೇ ನೆಟ್ಟಗೆ ಮಾಡಬಹುದು. ಉದ್ದನೆಯ ಸುಕ್ಕಿನ ಪೈಪಿನ ಬದಲು ಗೋಡೆ ದಾಟಿದ ಕೂಡಲೇ ಮುಕ್ಕಾಲು ಅಥವಾ ಒಂದು ಇಂಚಿನ ಗಟ್ಟಿ ಪಿ.ವಿ.ಸಿ. ಪೈಪಿಗೆ ಕೂಡಿಸಿದರೆ ಆಗುವ ವ್ಯತ್ಯಾಸ ನೋಡಿಯೇ ತಿಳಿಯಬೇಕು. ನಮ್ಮ ಮನೆಯ ಐದು ಮೀಟರ್ ಸುಕ್ಕಿನ ಪೈಪನ್ನು ಹೀಗೆ ಬದಲಿಸಿದ ಮೇಲೆ ಅಮ್ಮನ ಕೋಣೆಯಲ್ಲಿ ಒಮ್ಮೆಯೂ ಸೋರಿಲ್ಲ.

ಪೈಪನ್ನು ಸ್ನಾನದ ಮನೆಯ ಕೊಳಕು ನೀರಿನ ಸಾಲಿಗೆ ನೇರವಾಗಿ ಕೂಡಿಸಿದ ಮನೆಗಳೂ ಇವೆ. ಅಲ್ಲಿ ಎ.ಸಿ. ಹಾಕಿದಾಗ ಗಟಾರದ ನಾತ ಬರುತ್ತದೆ, ಜಿರಲೆಗೂ ಹೆದ್ದಾರಿ ಸಿಕ್ಕಂತಾಗುತ್ತದೆ. ನೆಲದ ಜಾಲಿಯ ಮೇಲೆ ಒಂದು ಗೇಣು ಎತ್ತರದಲ್ಲೇ ಪೈಪನ್ನು ನಿಲ್ಲಿಸಿ, ನೀರು ಗಾಳಿಯಲ್ಲಿ ಬೀಳುವಂತೆ ಬಿಟ್ಟರೆ ಸರಿಹೋಗುತ್ತದೆ. ಇನ್ನು ಕೆಲವರಿಗೆ ಇಂಡೋರಿನಿಂದ ಗುಳುಗುಳು ಸದ್ದು ಕೇಳಿಸುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆಮನೆಯ ಚಿಮ್ನಿ ಹಾಕಿದ್ದರೆ ಮನೆಯೊಳಗಿನ ಒತ್ತಡ ಇಳಿದು, ಡ್ರೇನ್ ಪೈಪಿನ ಮೂಲಕ ಹೊರಗಿನ ಗಾಳಿ ನೀರನ್ನು ಸೀಳಿಕೊಂಡು ಒಳಬರುತ್ತದೆ. ಒಂದು ಕಿಟಕಿ ಓರೆ ಮಾಡಿ ನೋಡಿ, ಸದ್ದು ನಿಂತರೆ ಪೈಪಿನ ತಪ್ಪಲ್ಲ.

ಸರ್ವಿಸ್ ಮಾಡಿಸಿದ ವಾರದಲ್ಲೇ ಸೋರತೊಡಗುವುದೂ ಬಹಳ ಕಡೆ ಆಗುತ್ತದೆ. ಜೆಟ್ ಪಂಪಿನಲ್ಲಿ ಕಾಯಿಲ್ ತೊಳೆದಾಗ ವರ್ಷದ ದೂಳೆಲ್ಲ ಟ್ರೇಗೆ ಇಳಿದು ಪೈಪಿನ ಬಾಯಲ್ಲಿ ಕೂರುತ್ತದೆ. ಹಾಗಾಗಿ ಸರ್ವಿಸಿಗೆ ಬಂದವರಿಗೆ ಹಣ ಕೊಡುವ ಮೊದಲು ಒಂದು ಲೀಟರ್ ನೀರನ್ನು ಟ್ರೇಗೆ ಹಾಕಿಸಿ, ಹೊರಗೆ ಬಂದದ್ದನ್ನು ಅವರ ಎದುರೇ ನೋಡಿ.

ಬೇಸಿಗೆಯ ಮುನ್ನ ಮತ್ತು ನಡುವೆ

ಫೆಬ್ರವರಿ ಕೊನೆಗೆ, ಎ.ಸಿ. ಹಾಕುವ ಮೊದಲೇ, ಒಮ್ಮೆ ವ್ಯಾಕ್ಯೂಮ್ ಹಿಡಿದು ಒಂದು ಲೀಟರ್ ನೀರು ಹಾಯಿಸಿ. ಬಳಕೆಯ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರು ತೊಳೆಯಿರಿ. ಪೈಪಿನ ಆರೋಗ್ಯ ಅರ್ಧಕ್ಕರ್ಧ ಫಿಲ್ಟರಿನ ಕೈಯಲ್ಲಿದೆ. ಬೆಳಿಗ್ಗೆ ಆರಿಸುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಫ್ಯಾನ್ ಮೋಡಿನಲ್ಲಿ ಓಡಿಸಿದರೆ ಕಾಯಿಲ್ ಒಣಗುತ್ತದೆ, ಲೋಳೆಗೆ ತೇವ ಸಿಗುವುದಿಲ್ಲ. ಹೊಸ ಎ.ಸಿ.ಗಳ ಆಟೋ ಕ್ಲೀನ್ ಗುಂಡಿ ಬಹುತೇಕ ಇದೇ ಕೆಲಸ ಮಾಡುತ್ತದೆ. ಹುಳು ಹೋಗದಂತೆ ಪೈಪಿನ ತುದಿಗೆ ಬಲೆ ಕಟ್ಟಬಹುದು, ಆದರೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನದಾದರೆ ಲೋಳೆ ಅಲ್ಲೇ ತಂಗಿ ಬಲೆಯೇ ಬಿರಡೆಯಾಗುತ್ತದೆ. ಮೂರು ನಾಲ್ಕು ಮಿಲಿಮೀಟರ್ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಸಾಕು.

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆಯವರಿಗೆ ಇದರಲ್ಲಿ ಬೇರೆಯೇ ಒಂದು ಮೋಸವಿದೆ. ಅಲ್ಲಿ ಏಪ್ರಿಲಿನ ಗಾಳಿ ಒಣಗಿರುವುದರಿಂದ ಎ.ಸಿ. ಹಗಲಿಡೀ ಓಡಿದರೂ ನೀರು ಬರುವುದು ಕಡಿಮೆ, ದೂಳು ಸೇರುವುದು ಹೆಚ್ಚು. ಅರ್ಧ ಕಟ್ಟಿದ ಪೈಪಿಗೂ ಆ ಅಲ್ಪ ನೀರನ್ನು ಸಾಗಿಸಲು ಕಷ್ಟವಾಗುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ಗಾಳಿ ತೇವಗೊಂಡ ರಾತ್ರಿ ನೀರು ಒಮ್ಮೆಗೇ ಹೆಚ್ಚಿ, ಮೂರು ತಿಂಗಳಿನಿಂದ ಕೂತ ಮಣ್ಣು ಕೆಸರಾಗಿ ದಾರಿ ಮುಚ್ಚುತ್ತದೆ. ಆ ಭಾಗದವರು ಮೇ ಕೊನೆಯಲ್ಲಿ ಇನ್ನೊಮ್ಮೆ ಪೈಪನ್ನು ಎಳೆದು ತೊಳೆಯುವುದು ಒಳ್ಳೆಯದು.

ಆ ಬಕೆಟ್ ನೀರು

ನೀರಿನ ಬರ ನೋಡಿದವರಿಗೆ ದಿನಕ್ಕೆ ಹತ್ತು ಲೀಟರನ್ನು ಚರಂಡಿಗೆ ಬಿಡಲು ಮನಸ್ಸಾಗುವುದಿಲ್ಲ. ನೆಲ ಒರೆಸಲು, ಸ್ಕೂಟರ್ ತೊಳೆಯಲು, ಹೂಗಿಡಗಳಿಗೆ ಬಳಸಬಹುದು. ಇದು ಮಳೆನೀರಿನಂತೆ ಲವಣವಿಲ್ಲದ ನೀರು, ಆದರೆ ತಾಮ್ರ, ಅಲ್ಯೂಮಿನಿಯಂ ಮತ್ತು ಆ ಲೋಳೆಯ ಮೇಲೆ ಹರಿದು ಬಂದದ್ದು. ಕುಡಿಯಲು, ಅಡುಗೆಗೆ, ನಾಯಿ ಬೆಕ್ಕಿಗೆ ಇಡಲು ಬೇಡ. ತೊಳೆದ ದಿನದ ವಿನೆಗರ್ ನೀರನ್ನು ಗಿಡಕ್ಕೆ ಹಾಕಬೇಡಿ. ಇನ್ವರ್ಟರ್ ಬ್ಯಾಟರಿಗೆ ಹಾಕಿ ಹಣ ಉಳಿಸಿದೆ ಎನ್ನುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಬ್ಯಾಟರಿಗೆ ಲೋಹದ ಅಂಶವಿಲ್ಲದ ಶುದ್ಧ ನೀರು ಬೇಕು, ಎ.ಸಿ. ನೀರು ಅದಲ್ಲ. ಬಕೆಟ್ ಇಡುವುದಾದರೆ ಪೈಪಿನ ತುದಿ ಬಕೆಟಿನ ಕಂಠಕ್ಕಿಂತ ನಾಲ್ಕು ಬೆರಳು ಮೇಲಿರಲಿ, ಬಕೆಟಿನ ನೀರನ್ನು ದಿನವೂ ಚೆಲ್ಲಿ ಖಾಲಿ ಮಾಡಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಇಂಥ ತಿಳಿನೀರೇ ಇಷ್ಟ.